ಮದುವೆಯ ದಿನಕ್ಕೆ ಸಹಾಯಧನ, ಮುಂದಿನ ಸಂಸಾರಕ್ಕೆ ಏನು? ಬೆಂಗಳೂರಿನಲ್ಲಿ ಸಿಗುವ ಸರ್ಕಾರಿ ವಿವಾಹ ಸೇವೆಗಳ ವಿಮರ್ಶೆ

ಬೆಂಗಳೂರಿನಲ್ಲಿ ಮದುವೆಯಾಗುವವರಿಗೆ, ಸಂಸಾರ ಹೂಡುವವರಿಗೆ, ಆ ಸಂಸಾರದಲ್ಲಿ ಬಿರುಕು ಕಂಡಾಗ ನೆರವು ಬೇಡುವವರಿಗೆ ಸರ್ಕಾರ ಒದಗಿಸುವ ಸೇವೆಗಳು ಒಂದೇ ಸೂರಿನಡಿ ಇಲ್ಲ. ನೋಂದಣಿ ಕಂದಾಯ ಇಲಾಖೆಗೆ ಸೇರಿದ್ದು, ಸಾಮೂಹಿಕ ವಿವಾಹ ಮುಜರಾಯಿ ಇಲಾಖೆಗೆ, ಅಂತರ್ಜಾತಿ ವಿವಾಹದ ಪ್ರೋತ್ಸಾಹಧನ ಸಮಾಜ ಕಲ್ಯಾಣ ಇಲಾಖೆಗೆ, ಕಟ್ಟಡ ಕಾರ್ಮಿಕರ ಮದುವೆ ನೆರವು ಕಾರ್ಮಿಕರ ಕಲ್ಯಾಣ ಮಂಡಳಿಗೆ. ಮನಸ್ತಾಪ ಬಂದಾಗ ಮಾತುಕತೆ ನಡೆಸುವ ಹೊಣೆ ಪೊಲೀಸರಿಗೂ ನ್ಯಾಯಾಲಯಕ್ಕೂ ಹಂಚಿಹೋಗಿದೆ. ನಮ್ಮ ಬೀದಿಯವರಿಗೂ ಬಂಧುಗಳಿಗೂ ಅರ್ಜಿ ತುಂಬಿಕೊಡುತ್ತ, ಅವರ ಜೊತೆಗೆ ಕಚೇರಿಗಳಿಗೆ ಹೋಗಿಬರುತ್ತ ಇವುಗಳಲ್ಲಿ ಹೆಚ್ಚಿನವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ವೇದಿಕೆ, ಹಾರ, ಫಲಕಗಳೊಡನೆ ಜನರ ಮುಂದೆ ಬರುವ ಯೋಜನೆಗಳಿಗಿಂತ, ಸದ್ದಿಲ್ಲದೆ ನಡೆಯುವ ಎರಡು ಸೇವೆಗಳು, ಅಂದರೆ ವಿವಾಹ ನೋಂದಣಿ ಮತ್ತು ನ್ಯಾಯದೇಗುಲ ಎಂಬ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರ, ಒಂದು ಕುಟುಂಬಕ್ಕೆ ಹೆಚ್ಚು ಕಾಲ ಆಸರೆಯಾಗುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನೋಂದಣಿಯ ವಿಷಯವನ್ನು ಮೊದಲು ನೋಡೋಣ. ಎಲ್ಲ ಧರ್ಮದವರ ಮದುವೆಗಳೂ ನೋಂದಣಿಯಾಗಬೇಕೆಂದು ಕರ್ನಾಟಕ 1976ರಲ್ಲಿಯೇ ಒಂದು ಅಧಿನಿಯಮ ಮಾಡಿಕೊಂಡಿತ್ತು. 2006ರ ಫೆಬ್ರವರಿಯಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ರಾಜ್ಯಗಳಿಗೂ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ಸೂಚಿಸಿತು. ಇಷ್ಟಾದರೂ ನಮ್ಮಲ್ಲಿ ಅನೇಕ ದಂಪತಿಗಳು ವೀಸಾ ಬೇಕಾದಾಗಲೋ, ಗಂಡ ತೀರಿಕೊಂಡು ಪಿಂಚಣಿಯ ಅರ್ಜಿ ಹಾಕುವಾಗಲೋ ಮಾತ್ರ ಈ ಪ್ರಮಾಣಪತ್ರವನ್ನು ನೆನೆಸಿಕೊಳ್ಳುತ್ತಾರೆ. ಗಂಡ ಬಿಟ್ಟುಹೋದ ಹೆಂಗಸೊಬ್ಬಳು ಜೀವನಾಂಶ ಕೇಳಲು ಹೊರಟಾಗ, ಎದುರು ಪಕ್ಷದ ವಕೀಲರು ಎತ್ತುವ ಮೊದಲ ತಕರಾರು ಮದುವೆಯೇ ಆಗಿಲ್ಲ ಎಂಬುದಾಗಿರಬಹುದು. ಆಗ ಛತ್ರದ ರಸೀದಿ, ಮಾಸಿದ ಫೋಟೋ, ಪುರೋಹಿತರ ಸಾಕ್ಷ್ಯ ಹುಡುಕಿಕೊಂಡು ಅಲೆಯುವುದಕ್ಕಿಂತ ಒಂದು ಹಾಳೆಯ ಪ್ರಮಾಣಪತ್ರ ಕೈಯಲ್ಲಿರುವುದು ಎಷ್ಟು ದೊಡ್ಡ ರಕ್ಷಣೆ ಎಂಬುದನ್ನು ಕಷ್ಟ ಕಂಡವರೇ ಬಲ್ಲರು. ಅದಕ್ಕೆ ತಗಲುವ ಸರ್ಕಾರಿ ಶುಲ್ಕ ಅತ್ಯಲ್ಪ. ಹೆಣ್ಣುಮಕ್ಕಳ ತಂದೆತಾಯಿ ಮದುವೆಗೆಂದು ಮಾಡುವ ಖರ್ಚುಗಳಲ್ಲಿ ಇಷ್ಟು ಕಡಿಮೆಗೆ ಇಷ್ಟು ಭದ್ರತೆ ಕೊಡುವ ಇನ್ನೊಂದು ಬಾಬ್ತು ನನಗೆ ಕಾಣುವುದಿಲ್ಲ.

ಹಿಂದೂ ವಿವಾಹ ಕಾಯ್ದೆಯಡಿ ಆಗಲೇ ನಡೆದಿರುವ ಮದುವೆಯನ್ನು ನೋಂದಾಯಿಸುವ ಕೆಲಸ ಈಗ ಕಾವೇರಿ 2.0 ತಂತ್ರಾಂಶದ ಮೂಲಕ ನಡೆಯುತ್ತದೆ. 2024ರ ಫೆಬ್ರವರಿಯಲ್ಲಿ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಆನ್‌ಲೈನ್ ನೋಂದಣಿಗೆ ಚಾಲನೆ ಕೊಟ್ಟರು. ಮಲ್ಲೇಶ್ವರದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅದು ಪ್ರಾಯೋಗಿಕವಾಗಿ ಶುರುವಾಯಿತು. ಆಧಾರ್ ದೃಢೀಕರಣಕ್ಕೆ ಒಪ್ಪುವವರು ಕಚೇರಿಗೆ ಹೋಗದೆಯೇ ಲಗ್ನಪತ್ರಿಕೆಯನ್ನೂ ಮದುವೆಯ ವಿಡಿಯೋವನ್ನೂ ಏರಿಸಿ ಅರ್ಜಿ ಮುಗಿಸಬಹುದು ಎಂಬುದು ಇದರ ಆಶಯ. ಕಂಪ್ಯೂಟರ್ ಬಳಸಿ ಅಭ್ಯಾಸವಿರುವ, ದಾಖಲೆಗಳು ಸರಿಯಾಗಿರುವ ದಂಪತಿಗೆ ಇದು ನಿಜಕ್ಕೂ ದೊಡ್ಡ ಅನುಕೂಲ. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗಳು ಮತ್ತು ಅವಳ ಗಂಡ ರಜೆ ಹಾಕದೆ ಮನೆಯಲ್ಲಿ ಕುಳಿತೇ ಅರ್ಜಿ ಸಲ್ಲಿಸಿದರು; ಎಲ್ಲಿಯೂ ತೊಡಕಾಗಲಿಲ್ಲ. ಸಾಕ್ಷಿಗಳನ್ನು ಕರೆದುಕೊಂಡು, ಮಳೆ ಬಿಸಿಲೆನ್ನದೆ ಕಚೇರಿಯ ಮೆಟ್ಟಿಲ ಮೇಲೆ ಅರ್ಧ ದಿನ ಕಾಯುತ್ತಿದ್ದ ಕಾಲವನ್ನು ಕಂಡವರಿಗೆ ಈ ಬದಲಾವಣೆಯ ಬೆಲೆ ಗೊತ್ತು, ಇದನ್ನು ಮಾಡಿದವರನ್ನು ಮನಸಾರೆ ಅಭಿನಂದಿಸಬೇಕು.

ಆದರೆ ಇದೇ ಸೇವೆ ಎಲ್ಲರಿಗೂ ಒಂದೇ ಬಗೆಯಲ್ಲಿ ದೊರೆಯುತ್ತಿಲ್ಲ. ನಮ್ಮ ಪಕ್ಕದ ಬೀದಿಯ ಮನೆಗಳಲ್ಲಿ ಅಡುಗೆ ಕೆಲಸ ಮಾಡುವ ಹೆಂಗಸೊಬ್ಬರ ಮಗಳ ಮದುವೆ ಊರ ದೇವಸ್ಥಾನದಲ್ಲಿ ಸರಳವಾಗಿ ನಡೆದಿತ್ತು. ಹುಡುಗನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಇನಿಶಿಯಲ್‌ನೊಡನೆ ಇದ್ದರೆ, ಆಧಾರ್‌ನಲ್ಲಿ ತಂದೆಯ ಪೂರ್ಣ ಹೆಸರಿನೊಡನೆ ಇತ್ತು. ಇದಕ್ಕಾಗಿ ಅವರು ಆನ್‌ಲೈನ್ ದಾರಿ ಬಿಟ್ಟು ಕಚೇರಿಗೇ ಹೋಗಬೇಕಾಯಿತು. ನಗರದ ಒಂದು ಉಪನೋಂದಣಾಧಿಕಾರಿ ಕಚೇರಿಯ ಕೌಂಟರಿನಲ್ಲಿ ಮುದ್ರಿತ ಲಗ್ನಪತ್ರಿಕೆ ಇಲ್ಲದೆ ಅರ್ಜಿ ಮುಟ್ಟುವುದಿಲ್ಲ ಎಂದು ಹೇಳಿದರು. "ಮೇಡಂ, ನಾವು ಕಾರ್ಡು ಹೊಡೆಸಲಿಲ್ಲ, ಎಲ್ಲರಿಗೂ ವಾಟ್ಸಾಪಿನಲ್ಲೇ ಕಳಿಸಿದ್ವಿ" ಎಂದು ಆ ತಾಯಿ ಕೇಳಿಕೊಂಡರೂ ಫಲವಾಗಲಿಲ್ಲ. ಕಚೇರಿಯ ಹೊರಗೆ ಕುಳಿತಿದ್ದ ಮಧ್ಯವರ್ತಿಯೊಬ್ಬ ಹಿಂದಿನ ತಾರೀಕಿನ ಪತ್ರಿಕೆಯನ್ನು ಮುದ್ರಿಸಿಕೊಡುತ್ತೇನೆಂದು ಮುಂದೆ ಬಂದ. ಅವನು ಕೇಳಿದ ಮೊತ್ತ ಸರ್ಕಾರಿ ಶುಲ್ಕದ ಹಲವು ಪಟ್ಟು. ಮದುವೆಯನ್ನು ಸರಳವಾಗಿ ಮಾಡಿ ಎಂದು ಒಂದು ಕಡೆ ಕರೆ ಕೊಡುವ ಸರ್ಕಾರ, ಸರಳವಾಗಿ ಮದುವೆಯಾದವರ ಬಳಿಯೇ ಆಡಂಬರದ ಪುರಾವೆಯನ್ನು ಕೇಳುವುದು ತೀರಾ ಅನ್ಯಾಯ. ಕೊನೆಗೆ ದೇವಸ್ಥಾನದವರು ಕೊಟ್ಟ ಪತ್ರ, ಅರ್ಚಕರ ಹೇಳಿಕೆ ಮತ್ತು ಒಂದು ಅಫಿಡವಿಟ್ಟಿನ ಆಧಾರದ ಮೇಲೆ ಇನ್ನೊಬ್ಬ ಅಧಿಕಾರಿ ಸಹಾನುಭೂತಿಯಿಂದ ಕೆಲಸ ಮಾಡಿಕೊಟ್ಟರು. ನಿಯಮ ಒಂದೇ ಇದ್ದರೂ ಕುರ್ಚಿಯಲ್ಲಿ ಕುಳಿತವರನ್ನು ನೋಡಿ ಫಲಿತಾಂಶ ಬದಲಾಗುವುದಾದರೆ ಅದು ಸೇವೆಯ ದೊಡ್ಡ ದೋಷವೇ ಸರಿ.

ಹೊಸ ದಂಪತಿಗಳು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ನೋಂದಣಿ ಮಾಡಿಸಿದ ಮಾತ್ರಕ್ಕೆ ಮದುವೆ ಆದಂತಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಶಾಸ್ತ್ರಾಚಾರಗಳು ನಡೆಯದೆ ಬರೀ ಪ್ರಮಾಣಪತ್ರ ಪಡೆದರೆ ಅದು ಸಿಂಧುವಾಗದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟಪಡಿಸಿದೆ. ವಿದೇಶಕ್ಕೆ ಹೊರಟ ಗಂಡಿನ ವೀಸಾಕ್ಕಾಗಿ ಮೊದಲೇ ನೋಂದಣಿ ಮಾಡಿಸಿ, ತಾಳಿ ಕಟ್ಟುವ ಶಾಸ್ತ್ರವನ್ನು ಆಮೇಲೆ ಇಟ್ಟುಕೊಳ್ಳುವ ರೂಢಿ ನಮ್ಮ ನಗರದಲ್ಲಿ ಸಾಕಷ್ಟಿದೆ. ಹಾಗೆ ಮಾಡುವ ಹೆಣ್ಣಿನ ಕಡೆಯವರು ಈ ತೀರ್ಪಿನ ಬಗ್ಗೆ ಒಮ್ಮೆ ವಕೀಲರನ್ನು ಕೇಳುವುದು ಒಳ್ಳೆಯದು.

ವಿಶೇಷ ವಿವಾಹ ಕಾಯ್ದೆಯ ಸೇವೆ ಇದಕ್ಕಿಂತ ಬೇರೆಯೇ. 1954ರ ಈ ಕಾಯ್ದೆಯಡಿ ಮದುವೆಯಾಗಲು ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು. ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ 30 ದಿನ ಆಕ್ಷೇಪಣೆಗಾಗಿ ಕಾಯಬೇಕು. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಧರ್ಮ ಬೇರೆಯಾದ ಇಬ್ಬರು ಮತಾಂತರವಾಗದೆ ಮದುವೆಯಾಗಬೇಕೆಂದರೆ ಅವರಲ್ಲಿ ಹೆಚ್ಚಿನವರಿಗಿರುವ ದಾರಿ ಇದೇ. ಅಂಥ ಹುಡುಗ ಹುಡುಗಿಯ ಹೆಸರು ವಿಳಾಸಗಳನ್ನು ಒಂದು ತಿಂಗಳು ಗೋಡೆಯ ಮೇಲೆ ತೂಗುಹಾಕುವುದು ಅವರ ಪ್ರಾಣಕ್ಕೇ ಸಂಚಕಾರ ತರಬಹುದು. ಈ ಪ್ರಕಟಣೆಯನ್ನು ದಂಪತಿಯ ಇಚ್ಛೆಗೆ ಬಿಡಬೇಕೆಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ಹೇಳಿತು. ನಮ್ಮಲ್ಲಿ ಇನ್ನೂ ಹಳೆಯ ಪದ್ಧತಿಯೇ ಮುಂದುವರಿದಿದೆ. ಸ್ಥಿರವಾದ ಕುಟುಂಬಗಳು ಬೇಕೆನ್ನುವ ಸರ್ಕಾರ, ತಿಳಿದು ಆರಿಸಿಕೊಂಡು ಕಾನೂನಿನ ಬಾಗಿಲಿಗೇ ಬಂದ ವಯಸ್ಕರನ್ನು ಇಷ್ಟು ಅಭದ್ರತೆಯಲ್ಲಿ ನಿಲ್ಲಿಸುವುದನ್ನು ನಾನು ಒಪ್ಪಲಾರೆ.

ಇನ್ನು ಸಹಾಯಧನಗಳು. ಮುಜರಾಯಿ ಇಲಾಖೆಯ ಸಪ್ತಪದಿ ಯೋಜನೆ 2020ರಲ್ಲಿ ಪ್ರಕಟವಾಗಿ, ಕೊರೋನಾದಿಂದ ತಡವಾಗಿ ಶುರುವಾಯಿತು. ಇದರಡಿ ದೊಡ್ಡ ಆದಾಯದ ದೇವಾಲಯಗಳಲ್ಲಿ ಸಾಮೂಹಿಕ ವಿವಾಹ ನಡೆಸಿ, ವಧುವಿಗೆ 8 ಗ್ರಾಂ ಚಿನ್ನದ ತಾಳಿ ಮತ್ತು 10,000 ರೂಪಾಯಿ, ವರನಿಗೆ 5,000 ರೂಪಾಯಿ ಕೊಡುವ ಏರ್ಪಾಡು ಮಾಡಲಾಯಿತು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಉಚಿತ ಸಾಮೂಹಿಕ ವಿವಾಹಗಳು ಕನ್ನಡಿಗರಿಗೆ ಚಿರಪರಿಚಿತವಾದ್ದರಿಂದ, ಸಾಲ ಮಾಡಿ ಮದುವೆ ಮಾಡುವ ಬಡ ತಂದೆತಾಯಿಗೆ ಇಂಥ ಏರ್ಪಾಡು ಎಷ್ಟು ದೊಡ್ಡ ಉಪಕಾರ ಎಂಬುದನ್ನು ವಿವರಿಸಬೇಕಾಗಿಲ್ಲ. ಇಂಥ ಕಡೆ ವಯಸ್ಸಿನ ದಾಖಲೆ ಪರಿಶೀಲಿಸುವುದು ಕೂಡ ಒಂದು ಲಾಭವೇ. ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಎಂದು ತಿದ್ದುಪಡಿ ಮಾಡಿಕೊಂಡ ರಾಜ್ಯ ನಮ್ಮದು, ಅದು ಕಾಗದದಲ್ಲಷ್ಟೇ ಉಳಿಯದಿರಲು ಇಂಥ ತಪಾಸಣೆಗಳು ಬೇಕು.

ಅಲ್ಪಸಂಖ್ಯಾತ ಸಮುದಾಯದ ಬಡ ವಧುಗಳಿಗೆ 50,000 ರೂಪಾಯಿ ಕೊಡುವ ಬಿದಾಯಿ ಯೋಜನೆ 2013ರಲ್ಲಿ ಬಂದಿತ್ತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಅಥವಾ ಅವರ ಮಕ್ಕಳಿಗೆ ಮಂಡಳಿ 60,000 ರೂಪಾಯಿ ಕೊಡುತ್ತದೆ. ಬೆಂಗಳೂರಿನ ಗೋಡೆಗಳನ್ನು ಕಟ್ಟಲು ರಾಯಚೂರು, ಕಲಬುರಗಿ, ಯಾದಗಿರಿಯ ಕಡೆಯಿಂದ ಬಂದು ಶೆಡ್ಡುಗಳಲ್ಲಿ ಬಾಳುವೆ ನಡೆಸುವವರಿಗೆ ಇದು ದೊಡ್ಡ ಮೊತ್ತ. ಆದರೆ ಅರ್ಜಿಗೆ ವಿವಾಹ ನೋಂದಣಿಯ ಪ್ರಮಾಣಪತ್ರ ಬೇಕು. ಮದುವೆ ಊರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ, ಆಧಾರ್ ವಿಳಾಸ ಮೂರನೆಯ ಕಡೆ ಎಂಬಂಥವರಿಗೆ ಆ ಒಂದು ಕಾಗದದಲ್ಲೇ ಅರ್ಜಿ ನಿಂತುಬಿಡುತ್ತದೆ. ನೋಂದಣಿಯ ಸೇವೆ ಸರಿಯಾಗದೆ ಉಳಿದ ಸೇವೆಗಳು ಸರಿಯಾಗವು ಎನ್ನಲು ಇದೇ ಕಾರಣ.

ಸಹಾಯಧನಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅಂತರ್ಜಾತಿ ವಿವಾಹದ ಪ್ರೋತ್ಸಾಹಧನ. ಪರಿಶಿಷ್ಟ ಜಾತಿಯ ಯುವಕ ಇತರ ಜಾತಿಯ ಯುವತಿಯನ್ನು ಮದುವೆಯಾದರೆ 2.5 ಲಕ್ಷ ರೂಪಾಯಿ, ಪರಿಶಿಷ್ಟ ಜಾತಿಯ ಯುವತಿ ಇತರ ಜಾತಿಯ ಯುವಕನನ್ನು ಮದುವೆಯಾದರೆ 3 ಲಕ್ಷ ರೂಪಾಯಿಯನ್ನು ಸಮಾಜ ಕಲ್ಯಾಣ ಇಲಾಖೆ ಕೊಡುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದ ಒಂದು ಮದುವೆಗೆ ಶರಣರು ತೆತ್ತ ಬೆಲೆಯನ್ನು ನೆನೆಯುವ ನಾಡಿನಲ್ಲಿ, ಅಂಥದೇ ಮದುವೆಯ ಬೆನ್ನಿಗೆ ಸರ್ಕಾರ ನಿಲ್ಲುವುದು ಸಣ್ಣ ಸಂಗತಿಯಲ್ಲ. ಮನೆಯಿಂದ ಹೊರಹಾಕಿಸಿಕೊಂಡು ಬಾಡಿಗೆ ಮನೆಯ ಮುಂಗಡಕ್ಕೂ ಪರದಾಡುವ ಜೋಡಿಗೆ ಈ ಹಣವೇ ಹಿರಿಯರ ಸ್ಥಾನದಲ್ಲಿ ನಿಲ್ಲುತ್ತದೆ. ಕೇಂದ್ರದ ಅಂಬೇಡ್ಕರ್ ಪ್ರತಿಷ್ಠಾನದ ಇಂಥದೇ ಯೋಜನೆಯಲ್ಲಿ 2.5 ಲಕ್ಷದ ಪೈಕಿ 1.5 ಲಕ್ಷವನ್ನು ಮೊದಲು ಕೊಟ್ಟು, ಉಳಿದ 1 ಲಕ್ಷವನ್ನು ಮೂರು ವರ್ಷದ ಠೇವಣಿಯಲ್ಲಿಡುವ ಪದ್ಧತಿ ರೂಪಿಸಲಾಗಿತ್ತು. ಈ ಕ್ರಮ ನನಗೆ ಬಹಳ ವಿವೇಕದ್ದಾಗಿ ತೋರುತ್ತದೆ. ಮೊದಲ ಮಗು ಹುಟ್ಟುವ, ಕೆಲಸ ಬದಲಾಗುವ, ತವರಿನ ಮುನಿಸು ಇನ್ನೂ ಇಳಿಯದ ಹೊತ್ತಿನಲ್ಲಿ ಕೈಗೆ ಬರುವ ಒಂದು ಲಕ್ಷ, ಮದುವೆಯ ವಾರದಲ್ಲಿ ಬರುವ ಅದೇ ಲಕ್ಷಕ್ಕಿಂತ ಸಂಸಾರಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಟ್ಟು ಏರ್ಪಾಡಿನ ಅತಿ ದೊಡ್ಡ ಕೊರತೆ ಇರುವುದು ಈ ನಡುವಿನ ವರ್ಷಗಳಲ್ಲೇ. ತಾಳಿ ಕಟ್ಟಿದ ದಿನಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತುವ ದಿನಕ್ಕೂ ನಡುವೆ, ಬೆಂಗಳೂರಿನ ಸಾಮಾನ್ಯ ದಂಪತಿಯನ್ನು ಸರ್ಕಾರ ಮಾತನಾಡಿಸುವುದು ಬಹಳ ಅಪರೂಪ. 2023ರ ಆಗಸ್ಟ್‌ನಲ್ಲಿ ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ಬರುವ ತಿಂಗಳ 2,000 ರೂಪಾಯಿ ಇದಕ್ಕೊಂದು ಅಪವಾದ. ಮದುವೆಯ ಹೆಸರು ಅದರಲ್ಲಿಲ್ಲ, ಆದರೆ ಗ್ಯಾಸಿಗೂ ಮಕ್ಕಳ ಪುಸ್ತಕಕ್ಕೂ ಗಂಡನ ಮುಂದೆ ಕೈಚಾಚಬೇಕಾಗಿಲ್ಲದ ಹೆಂಡತಿಯ ಮನೆಯಲ್ಲಿ ಜಗಳದ ಒಂದು ಮೂಲವಾದರೂ ಕಡಿಮೆಯಾಗುತ್ತದೆ ಎಂಬುದನ್ನು ನಾನು ನಮ್ಮ ಬೀದಿಯಲ್ಲೇ ನೋಡುತ್ತಿದ್ದೇನೆ. ಇದಕ್ಕೆ ವಿರುದ್ಧವಾಗಿ ಮಕ್ಕಳ ಪಾಲನೆಯ ವಿಷಯದಲ್ಲಿ ನಗರದವರಿಗೆ ದೊರೆಯುವುದು ತೀರಾ ಕಡಿಮೆ. ರಾಜ್ಯದ ಕೂಸಿನ ಮನೆ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಸೀಮಿತ. ಹೆರಿಗೆ ಸೌಲಭ್ಯದ ಕಾನೂನು 26 ವಾರಗಳ ರಜೆ ಕೊಡುತ್ತದೆ, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆನ್ನುತ್ತದೆ. ಪೀಣ್ಯದ ಸಣ್ಣ ವರ್ಕ್‌ಶಾಪಿನಲ್ಲಿ, ಮನೆಗೆಲಸದಲ್ಲಿ, ಸಣ್ಣ ಅಂಗಡಿಯಲ್ಲಿ ದುಡಿಯುವ ತಾಯಿಗೆ ಅದರಿಂದ ಏನೂ ದಕ್ಕುವುದಿಲ್ಲ. ಕೂಸನ್ನು ಯಾರು ನೋಡಿಕೊಳ್ಳಬೇಕು, ಯಾರು ಕೆಲಸ ಬಿಡಬೇಕು, ಅತ್ತೆಯನ್ನು ಊರಿನಿಂದ ಕರೆಸಬೇಕೇ ಎಂಬ ಪ್ರಶ್ನೆಗಳಿಂದಲೇ ಈ ನಗರದ ಅದೆಷ್ಟೋ ಎಳೆಯ ಸಂಸಾರಗಳಲ್ಲಿ ಮೊದಲ ಬಿರುಕು ಮೂಡುತ್ತದೆ. ವಾರ್ಡಿಗೊಂದು ಒಳ್ಳೆಯ ಕೂಸಿನ ಮನೆ ಮಾಡಿದರೆ, ಮದುವೆ ಉಳಿಸುವ ಯೋಜನೆಗಳ ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಲು ನಾನು ಹಿಂಜರಿಯುವುದಿಲ್ಲ.

ಈಗ ಮಧ್ಯಸ್ಥಿಕೆ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ ಆರಂಭವಾಯಿತು. ನ್ಯಾಯಾಲಯ ಕಳಿಸಿಕೊಟ್ಟ ಪ್ರಕರಣಗಳಲ್ಲಿ ತರಬೇತಿ ಪಡೆದ ವಕೀಲರು ಮಧ್ಯಸ್ಥಗಾರರಾಗಿ ಕುಳಿತು ಎರಡೂ ಪಕ್ಷದವರ ಜೊತೆ ಮಾತನಾಡುತ್ತಾರೆ. ಇದಕ್ಕೆ ಶುಲ್ಕವಿಲ್ಲ, ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ, ಸಂಧಾನ ಆಗದಿದ್ದರೆ ಪ್ರಕರಣ ಇದ್ದಂತೆಯೇ ನ್ಯಾಯಾಲಯಕ್ಕೆ ಮರಳುತ್ತದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವೆಂದೇ ಹೇಳುತ್ತದೆ. ಆ ಕರ್ತವ್ಯ ಕಾಗದದಿಂದಿಳಿದು ಒಂದು ಕೋಣೆ, ನಾಲ್ಕು ಕುರ್ಚಿ, ಕೇಳುವ ಒಬ್ಬ ಮನುಷ್ಯನಾಗಿ ದೊರೆಯುವುದು ಇಲ್ಲಿ.

ನಮ್ಮ ಸಂಬಂಧಿಕರೊಬ್ಬರ ಜೊತೆಗೆ ಅಲ್ಲಿಗೆ ಹೋಗುವ ಸಂದರ್ಭ ನನಗೂ ಒದಗಿತ್ತು. ಎರಡೂ ಮನೆಯವರು ತಿಂಗಳುಗಟ್ಟಲೆ ವಕೀಲರ ಮೂಲಕವಷ್ಟೇ ಮಾತನಾಡಿಕೊಂಡು, ನೋಟಿಸಿಗೆ ನೋಟಿಸು ಬರೆದುಕೊಂಡಿದ್ದರು. ಮಧ್ಯಸ್ಥಗಾರ್ತಿ ಮೊದಲು ಮಾಡಿದ ಕೆಲಸವೆಂದರೆ ನಮ್ಮಂಥ ಹಿರಿಯರನ್ನೆಲ್ಲ ಹೊರಗೆ ಕೂರಿಸಿ, ಗಂಡ ಹೆಂಡತಿಯನ್ನು ಮಾತ್ರ ಒಳಗೆ ಕರೆದದ್ದು. ಆಮೇಲೆ ಒಬ್ಬೊಬ್ಬರೊಡನೆಯೂ ಬೇರೆಬೇರೆಯಾಗಿ ಮಾತನಾಡಿದರು. ಎಲ್ಲಿಯೂ "ಹೊಂದಿಕೊಂಡು ಹೋಗಮ್ಮ" ಎಂಬ ಮಾತು ಬರಲಿಲ್ಲ ಎಂದು ಆ ಹುಡುಗಿ ಆಮೇಲೆ ಹೇಳಿದಳು. ಅದಕ್ಕೇ ಅವಳು ಬಾಯಿ ಬಿಟ್ಟು ಮಾತನಾಡಿದ್ದು. ಆ ದಂಪತಿ ಮತ್ತೆ ಒಂದಾಗಲಿಲ್ಲ. ಆದರೆ ಮಗು ಯಾವ ದಿನಗಳಲ್ಲಿ ಯಾರ ಬಳಿ ಇರಬೇಕು, ಶಾಲೆಯ ಫೀಸನ್ನು ಯಾರು ಕಟ್ಟಬೇಕು, ಹಬ್ಬದ ದಿನ ಅಜ್ಜಿಯ ಮನೆಗೆ ಯಾರು ಕರೆದೊಯ್ಯಬೇಕು ಎಂಬುದೆಲ್ಲ ಬರಹದಲ್ಲಿ ಒಪ್ಪಿತವಾಯಿತು. ಇದು ಸೋಲಲ್ಲ. ಗಂಡ ಹೆಂಡತಿ ಬೇರೆಯಾದ ಮೇಲೂ ಮಗುವಿಗೆ ತಂದೆ ತಾಯಿ ಇಬ್ಬರೂ ಉಳಿದುಕೊಂಡರೆ ಅಲ್ಲಿ ಒಂದು ಕುಟುಂಬ ಉಳಿದಿದೆ ಎಂದೇ ಲೆಕ್ಕ.

ಈ ಸೇವೆಯಲ್ಲೂ ಕೊರತೆಗಳಿವೆ. ದಿನಾಂಕಗಳ ನಡುವಿನ ಅಂತರ ಕೆಲವು ಸಲ ದೀರ್ಘ. ಕಾಯುವ ಜಾಗದಲ್ಲಿ ಎದುರಾಳಿ ಮನೆಯವರು ಎದುರುಬದುರಾಗಿ ಕುಳಿತಿರಬೇಕಾದ ಇಕ್ಕಟ್ಟು ಮನಸ್ಸನ್ನು ಇನ್ನಷ್ಟು ಕೆಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹುಪಾಲು ಜನ ಇಲ್ಲಿಗೆ ಬರುವುದು ಕೇಸು ದಾಖಲಾದ ಮೇಲೆ, ಅಂದರೆ ಮಾತು ಹದಗೆಟ್ಟ ಮೇಲೆ. ಕೇಸಿಗೆ ಮೊದಲೇ ಮಧ್ಯಸ್ಥಿಕೆಗೆ ಹೋಗಲೂ ಅವಕಾಶವಿದೆ. ನಮ್ಮ ಬಡಾವಣೆಗಳಲ್ಲಿ ಎಷ್ಟು ಮಂದಿಗೆ ಅದು ಗೊತ್ತಿದೆ? ಇನ್‌ಫೆಂಟ್ರಿ ರಸ್ತೆಯ ಪೊಲೀಸ್ ಆಯುಕ್ತರ ಕಚೇರಿಯಲ್ಲಿ 1999ರಿಂದ ನಡೆಯುತ್ತಿರುವ ವನಿತಾ ಸಹಾಯವಾಣಿ ಕೇಸಿಗೆ ಮುಂಚಿನ ಆಪ್ತಸಮಾಲೋಚನೆಯಲ್ಲಿ ಒಳ್ಳೆಯ ಹೆಸರು ಮಾಡಿದೆ. ಆದರೆ ಪೊಲೀಸ್ ಎಂಬ ಶಬ್ದ ಕೇಳಿದೊಡನೆ ಹಿಂದೆ ಸರಿಯುವ ಮಧ್ಯಮ ವರ್ಗದ ಮನೆಗಳು ಬಹಳ. ಅವರಿಗಾಗಿ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ, ಆರೋಗ್ಯ ಕೇಂದ್ರಕ್ಕೆ ಅಂಟಿಕೊಂಡಂತೆಯೇ, ವಾರಕ್ಕೆರಡು ಸಂಜೆ ಕುಳಿತುಕೊಳ್ಳುವ ಒಬ್ಬ ಆಪ್ತಸಮಾಲೋಚಕರನ್ನು ನೇಮಿಸಿದರೂ ಸಾಕು.

ಹೊಡೆತ ಬಡಿತ ಇರುವ ಮನೆಯ ಮಾತು ಬೇರೆ. ಅಲ್ಲಿ ಸಂಧಾನಕ್ಕಿಂತ ಮೊದಲು ರಕ್ಷಣೆ ಬೇಕು. ಅದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ, 181 ಮತ್ತು 112 ಎಂಬ ಸಹಾಯವಾಣಿ ಸಂಖ್ಯೆಗಳಿವೆ. ಸಂಸಾರ ಉಳಿಸುವ ಹೆಸರಿನಲ್ಲಿ ಯಾವ ಹೆಣ್ಣನ್ನೂ ಆ ಮನೆಗೆ ತಿರುಗಿ ಕಳಿಸಬಾರದು.

ಈ ಸೇವೆಗಳನ್ನು ಬಳಸಲಿರುವವರಿಗೆ ನನ್ನ ಸಲಹೆ ಹೀಗಿದೆ. ಮದುವೆಗೆ ಮೊದಲೇ ಇಬ್ಬರ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರುಗಳು ಹೊಂದುತ್ತವೆಯೇ ನೋಡಿ ತಿದ್ದಿಸಿಕೊಳ್ಳಿ. ದೇವಸ್ಥಾನದಲ್ಲಿ ಮದುವೆಯಾದರೆ ಅಂದೇ ಅಲ್ಲಿಂದ ಪತ್ರ ಪಡೆಯಿರಿ, ತಾಳಿ ಕಟ್ಟುವ ಹೊತ್ತಿನ ವಿಡಿಯೋ ತೆಗೆಸಿಡಿ, ವಾಟ್ಸಾಪಿನ ಕರೆಯೋಲೆಯನ್ನೇ ಒಂದೆರಡು ಪ್ರತಿ ಮುದ್ರಿಸಿಟ್ಟುಕೊಳ್ಳಿ. ಪ್ರೋತ್ಸಾಹಧನದ ಅರ್ಜಿಗೆ ಕಾಲಮಿತಿ ಇರುವುದರಿಂದ ನೋಂದಣಿಯನ್ನು ಮುಂದೂಡಬೇಡಿ. ಮಾತು ಕೆಡುತ್ತಿದೆ ಎನಿಸಿದಾಗ ನೋಟಿಸು ಕಳಿಸುವ ಮೊದಲು ನ್ಯಾಯದೇಗುಲದ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಕರೆಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ.